ಟವರ್ ಬದಲಾಗುತ್ತಿದೆ, ನಿಮ್ಮ ಸಿಮ್ ಬದಲಾಗಿದೆಯಾ? ಬಿಎಸ್‌ಎನ್‌ಎಲ್ 4ಜಿ ಬಗ್ಗೆ ಸೈದಾಪುರ ಭಾಗದವರು ತಿಳಿಯಬೇಕಾದ ವಿಷಯಗಳು

ಸೈದಾಪುರ: ಫೋನ್ ಮೇಲೆ ನಾಲ್ಕು ಕಡ್ಡಿ ಕಾಣ್ತವೆ, ಆದರೆ ಹಣ ಕಳಿಸೋಕೆ ಹೋದ್ರೆ ಚಕ್ರ ತಿರುಗ್ತಾನೇ ಇರುತ್ತೆ. "ಟವರ್ ಅದ, ನೆಟ್ ಬರವಲ್ದು" ಅನ್ನೋ ಮಾತು ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳ್ಳಿಗಳಲ್ಲಿ ಹೊಸದಲ್ಲ. ಈಗ ಬಿಎಸ್‌ಎನ್‌ಎಲ್ ದೇಶದ ತುಂಬಾ ತನ್ನ ಹಳೆಯ ಜಾಲವನ್ನು 4ಜಿಗೆ ಬದಲಿಸುತ್ತಿದೆ. ಹಳೆಯ 3ಜಿ ಹಂತ ಹಂತವಾಗಿ ಹಿಂದೆ ಸರಿಯುತ್ತಿದೆ. ಇದರಿಂದ ಒಳ್ಳೇದು ಆಗುತ್ತಾ ಅಂದ್ರೆ, ಆಗುತ್ತೆ. ಆದರೆ ಟವರ್ ಮೇಲೆ ಹೊಸ ಯಂತ್ರ ಕೂತ ಮಾತ್ರಕ್ಕೆ ನಿಮ್ಮ ಫೋನ್‌ಗೆ 4ಜಿ ಬಂದುಬಿಡೋದಿಲ್ಲ. ಸಿಮ್, ಫೋನ್, ಟವರ್ ಮೂರೂ ಹೊಂದಬೇಕು. ಹೊಂದದೆ ಹೋದರೆ ಮೊದಲಿದ್ದ ನಿಧಾನದ ನೆಟ್ ಕೂಡ ಕೈತಪ್ಪಬಹುದು.

ಯಾರಿಗೆ ಏನು ಬದಲಾಗುತ್ತೆ, ಏನು ಮಾಡಬೇಕು, ಎಲ್ಲಿ ದೂರು ಕೊಡಬೇಕು ಅನ್ನೋದನ್ನ ಇಲ್ಲಿ ಒಂದೊಂದಾಗಿ ನೋಡೋಣ.

ಏನಿದು ಯೋಜನೆ?

ಬಿಎಸ್‌ಎನ್‌ಎಲ್ ಕಂಪನಿಯಾಗಿ ಕೆಲಸ ಶುರು ಮಾಡಿದ್ದು 2000ರ ಅಕ್ಟೋಬರ್ 1ರಂದು. ಮೊಬೈಲ್ ಸೇವೆ 2002ರಲ್ಲಿ, 3ಜಿ 2009ರಲ್ಲಿ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರೀ 4ಜಿಯೊಂದಿಗೆ ಮಾರುಕಟ್ಟೆಗೆ ಇಳಿದಾಗ ಬಿಎಸ್‌ಎನ್‌ಎಲ್ ಬಳಿ ದೇಶಮಟ್ಟದ 4ಜಿ ಇರಲಿಲ್ಲ. ಅಲ್ಲಿಂದ ಗ್ರಾಹಕರು ಜಾರುತ್ತಾ ಹೋದರು.

ಕಂಪನಿಯನ್ನು ಮೇಲೆತ್ತಲು ಕೇಂದ್ರ ಸರ್ಕಾರ ಮೂರು ಪ್ಯಾಕೇಜ್ ಕೊಟ್ಟಿತು. 2019ರ ಅಕ್ಟೋಬರ್‌ನಲ್ಲಿ ಸುಮಾರು 69 ಸಾವಿರ ಕೋಟಿ, 2022ರ ಜುಲೈನಲ್ಲಿ 1.64 ಲಕ್ಷ ಕೋಟಿ, 2023ರ ಜೂನ್‌ನಲ್ಲಿ 89,047 ಕೋಟಿ ರೂಪಾಯಿ. ಮೂರನೇ ಪ್ಯಾಕೇಜ್‌ನ ಮುಖ್ಯ ಭಾಗ ತರಂಗಾಂತರ, ಅಂದ್ರೆ ಸ್ಪೆಕ್ಟ್ರಂ. ಅದರಲ್ಲಿ 700 ಮೆಗಾಹರ್ಟ್ಸ್ ಕೂಡ ಸೇರಿದೆ.

2023ರಲ್ಲಿ 1 ಲಕ್ಷ ಟವರ್ ತಾಣಗಳಿಗೆ 4ಜಿ ಉಪಕರಣ ಹಾಕುವ ಗುತ್ತಿಗೆ ಟಿಸಿಎಸ್ ನೇತೃತ್ವದ ಗುಂಪಿಗೆ ಸಿಕ್ಕಿತು. ಟವರ್ ಮೇಲಿನ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು. ಕರೆ ಮತ್ತು ಡೇಟಾ ನಿಭಾಯಿಸುವ ಒಳಗಿನ ಸಾಫ್ಟ್‌ವೇರ್ ಸರ್ಕಾರಿ ಸಂಸ್ಥೆ ಸಿ-ಡಾಟ್‌ನದ್ದು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ನರೇಂದ್ರ ಮೋದಿ 97,500ಕ್ಕೂ ಹೆಚ್ಚು 4ಜಿ ಟವರ್‌ಗಳಿಗೆ ಚಾಲನೆ ಕೊಟ್ಟರು. ಇದಕ್ಕೆ ಆದ ಖರ್ಚು ಸುಮಾರು 37 ಸಾವಿರ ಕೋಟಿ ಅಂತ ಸರ್ಕಾರ ಹೇಳಿದೆ. ಈ ಉಪಕರಣಗಳನ್ನು ಮುಂದೆ 5ಜಿಗೂ ಏರಿಸಬಹುದು.

ಇದರ ಜೊತೆಗೇ ಇನ್ನೊಂದು ಯೋಜನೆ ನಡೆದಿದೆ. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಮಂಜೂರಾಯಿತು. ಬರೀ 2ಜಿ ಅಥವಾ 3ಜಿ ಇರುವ 6,279 ಹಳ್ಳಿಗಳನ್ನು 4ಜಿಗೆ ಏರಿಸುವುದೂ ಅದರಲ್ಲೇ ಇದೆ. ಅಂದ್ರೆ ಒಂದು ಕಡೆ ಹಳೆ ಟವರ್‌ಗೆ ಹೊಸ ಯಂತ್ರ, ಇನ್ನೊಂದು ಕಡೆ ಟವರ್ ಇಲ್ಲದಲ್ಲಿ ಹೊಸ ಟವರ್.

3ಜಿ ಯಾಕೆ ತೆಗೀತಾರೆ?

ಸ್ಪೆಕ್ಟ್ರಂ ಅಂದ್ರೆ ಹೊಲ ಇದ್ದಂಗೆ. ಎಷ್ಟು ಎಕರೆ ಸಿಕ್ಕಿದೆಯೋ ಅಷ್ಟರಲ್ಲೇ ಬೆಳೆ ತೆಗೀಬೇಕು. ಒಂದೇ ಮಡಿಯಲ್ಲಿ ತೊಗರಿ ಇದ್ದಾಗ ಅಲ್ಲೇ ಹತ್ತಿ ಹಾಕೋಕೆ ಆಗಲ್ಲ. ಬಿಎಸ್‌ಎನ್‌ಎಲ್ 3ಜಿ ನಡೆಸುತ್ತಿದ್ದದ್ದು 2100 ಮೆಗಾಹರ್ಟ್ಸ್ ಎಂಬ ಹೊಲದಲ್ಲಿ. ಅದೇ ಹೊಲದಲ್ಲಿ 4ಜಿ ಬಿತ್ತಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಡೇಟಾ ಸಿಗುತ್ತೆ, ಹೆಚ್ಚು ಜನ ಒಮ್ಮೆಲೇ ಬಳಸಬಹುದು. ಅದಕ್ಕೇ 3ಜಿ ತೆಗೆಯೋದು.

ಇದನ್ನ ಮೊದಲು ಮಾಡಿದ್ದು ಬಿಎಸ್‌ಎನ್‌ಎಲ್ ಅಲ್ಲ. ಏರ್‌ಟೆಲ್ 2020ರಲ್ಲೇ ದೇಶದಾದ್ಯಂತ 3ಜಿ ನಿಲ್ಲಿಸಿತು. ಜಿಯೊದಲ್ಲಿ 2ಜಿ, 3ಜಿ ಎರಡೂ ಮೊದಲಿಂದಲೇ ಇಲ್ಲ.

2ಜಿ ಕಥೆ ಬೇರೆ. ಕೀಪ್ಯಾಡ್ ಫೋನ್ ಇನ್ನೂ ಬಹಳ ಜನರ ಕೈಯಲ್ಲಿ ಇರೋದರಿಂದ ಮಾತಿನ ಕರೆಗೆ 2ಜಿ ಉಳಿಸಿಕೊಂಡೇ ಬರಲಾಗಿದೆ. ಹಾಗಾಗಿ ಮನೆಯ ಹಿರಿಯರ ಬಳಿ ಸಾದಾ ಕೀಪ್ಯಾಡ್ ಫೋನ್ ಇದ್ದು, ಬರೀ ಮಾತಾಡೋಕೆ ಬಳಸ್ತಾರೆ ಅಂದ್ರೆ 3ಜಿ ಹೋದರೂ ಅವರಿಗೆ ತೊಂದರೆ ಇಲ್ಲ.

ತೊಂದರೆ ಆಗೋದು ನಡುವಿನವರಿಗೆ. ಐದಾರು ವರ್ಷಕ್ಕಿಂತ ಹಳೆಯ ಸ್ಮಾರ್ಟ್‌ಫೋನ್, ಅದರಲ್ಲಿ ಹಳೆಯ ಬಿಎಸ್‌ಎನ್‌ಎಲ್ ಸಿಮ್, ವಾಟ್ಸ್‌ಆ್ಯಪ್ ಮತ್ತು ಹಣ ಕಳಿಸೋದು ಅಷ್ಟೇ ಕೆಲಸ. ಇಂಥವರು 3ಜಿ ಮೇಲೇ ನಿಂತಿದ್ದಾರೆ. 3ಜಿ ಹೋದ ದಿನ ಅವರ ಫೋನ್ 2ಜಿಗೆ ಇಳಿಯುತ್ತೆ. ಕರೆ ಬರುತ್ತೆ, ನೆಟ್ ಸತ್ತಂಗೆ. ಟವರ್ ಮೇಲಾಯ್ತು ಅಂತ ಸುದ್ದಿ, ನಮ್ಮ ಫೋನ್ ಮಾತ್ರ ಕೆಟ್ಟಿತು ಅಂತ ಗೊಂದಲ ಹುಟ್ಟೋದು ಇಲ್ಲೇ.

ಮೂರೂ ಹೊಂದಬೇಕು

ಒಂದು, ಸಿಮ್. 2ಜಿ, 3ಜಿ ಕಾಲದ ಸಿಮ್ ಇಟ್ಟುಕೊಂಡವರು 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು ಅಂತ ಬಿಎಸ್‌ಎನ್‌ಎಲ್ ಹೇಳುತ್ತಾ ಬಂದಿದೆ. ನಂಬರ್ ಅದೇ ಇರುತ್ತೆ, ಚಿಪ್ ಮಾತ್ರ ಬೇರೆ. ನಿಮ್ಮ ಸಿಮ್ ಯಾವುದು ಅಂತ ಗೊತ್ತಿಲ್ಲದಿದ್ದರೆ ಬಿಎಸ್‌ಎನ್‌ಎಲ್ ಗ್ರಾಹಕ ಸೇವಾ ಕೇಂದ್ರದಲ್ಲಿ ನಂಬರ್ ಕೊಟ್ಟು ಕೇಳಿ.

ಎರಡು, ಫೋನ್. 4ಜಿ ಫೋನ್ ಆದರೆ ಸಾಲದು, ಬಿಎಸ್‌ಎನ್‌ಎಲ್ ಬಳಸುವ ಬ್ಯಾಂಡ್ ಅದರಲ್ಲಿರಬೇಕು. 2100 ಮೆಗಾಹರ್ಟ್ಸ್‌ಗೆ ಬ್ಯಾಂಡ್ 1, 700 ಮೆಗಾಹರ್ಟ್ಸ್‌ಗೆ ಬ್ಯಾಂಡ್ 28. ಹೊಸ ಫೋನ್ ಕೊಳ್ಳುವಾಗ ಪೆಟ್ಟಿಗೆ ಮೇಲೆ ಅಥವಾ ಕಂಪನಿಯ ವೆಬ್‌ಸೈಟ್‌ನಲ್ಲಿ ಈ ಎರಡು ಅಂಕಿ ಇದೆಯಾ ನೋಡಿ. ಹಳೆಯ ಅಗ್ಗದ ಫೋನ್‌ಗಳಲ್ಲಿ ಬ್ಯಾಂಡ್ 28 ಇರದೇ ಇರಬಹುದು. ಜಿಯೊಗೆ ಲಾಕ್ ಆಗಿರುವ ಕೀಪ್ಯಾಡ್ ಫೋನ್‌ಗಳಲ್ಲಿ ಬೇರೆ ಕಂಪನಿಯ ಸಿಮ್ ನಡೆಯೋದಿಲ್ಲ.

ಫೋನ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆ 3ಜಿ ಅಂತ ಇದ್ದರೆ ಅದನ್ನು 4ಜಿ ಅಥವಾ ಎಲ್‌ಟಿಇ ಮಾಡಿ. ವೋಲ್ಟಿ ಅನ್ನೋ ಬಟನ್ ಇದ್ದರೆ ಆನ್ ಮಾಡಿ. ವೋಲ್ಟಿ ಇಲ್ಲದಿದ್ದರೆ ಕರೆ ಬಂದಾಗ ಫೋನ್ 4ಜಿ ಬಿಟ್ಟು 2ಜಿಗೆ ಇಳಿದು ಮಾತಾಡಿಸುತ್ತೆ. ಆ ಹೊತ್ತು ನೆಟ್ ನಿಲ್ಲುತ್ತೆ, ಕರೆ ಸೇರೋಕೂ ತಡ ಆಗುತ್ತೆ.

ಮೂರು, ಟವರ್. ನಿಮ್ಮೂರಿಗೆ ಹತ್ತಿರದ ಟವರ್ 4ಜಿ ಆಗಿದೆಯಾ ಅಂತ ತಿಳಿಯಲು ಈಗ ಒಂದು ದಾರಿ ಇದೆ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಟ್ರಾಯ್ ನಿಯಮದ ಪ್ರಕಾರ ಎಲ್ಲಾ ಮೊಬೈಲ್ ಕಂಪನಿಗಳೂ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತೆ ಅನ್ನೋ ನಕ್ಷೆಯನ್ನ ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ರೀಚಾರ್ಜ್ ಮಾಡುವ ಮೊದಲು, ಪೋರ್ಟ್ ಆಗುವ ಮೊದಲು ಆ ನಕ್ಷೆಯಲ್ಲಿ ನಿಮ್ಮೂರು ನೋಡಿಕೊಳ್ಳಿ.

4ಜಿ ಅಂತ ತೋರಿಸುತ್ತೆ, ನೆಟ್ ಮಾತ್ರ ಇಲ್ಲ. ಯಾಕೆ?

ಫೋನ್ ಮೇಲಿನ ಕಡ್ಡಿ ಹೇಳೋದು ನಿಮ್ಮ ಫೋನ್‌ಗೂ ಟವರ್‌ಗೂ ನಡುವಿನ ಸಂಬಂಧ ಅಷ್ಟೇ. ಟವರ್‌ನಿಂದ ಮುಂದೆ ಹೋಗೋ ದಾರಿ ಬೇರೆ. ಕೆಲವು ಟವರ್‌ಗೆ ನೆಲದೊಳಗೆ ಫೈಬರ್ ಕೇಬಲ್ ಬಂದಿರುತ್ತೆ, ಕೆಲವಕ್ಕೆ ಒಂದು ಟವರ್‌ನಿಂದ ಇನ್ನೊಂದಕ್ಕೆ ಗಾಳಿಯಲ್ಲೇ ಮೈಕ್ರೋವೇವ್ ಸಂಪರ್ಕ ಇರುತ್ತೆ. ಈ ಹಿಂದಿನ ದಾರಿ ಸಣ್ಣದಿದ್ದರೆ ಟವರ್ ಮೇಲೆ ಎಂಥಾ 4ಜಿ ಯಂತ್ರ ಇದ್ದರೂ ಪ್ರಯೋಜನ ಇಲ್ಲ. ದೊಡ್ಡ ಕಾಲುವೆ ಇದ್ದು ತೂಬು ಸಣ್ಣದಾದಂಗೆ. ರಸ್ತೆ ಅಗಲ ಮಾಡುವಾಗ, ಪೈಪ್‌ಲೈನ್ ಹಾಕುವಾಗ ಜೆಸಿಬಿ ಕೇಬಲ್ ಕಡಿದರೆ ಕಡ್ಡಿ ತುಂಬಾ ಇದ್ದೂ ನೆಟ್ ಸೊನ್ನೆ.

ಎರಡನೇದು ಕರೆಂಟ್. ಜೆಸ್ಕಾಂ ಲೈನ್ ಹೋದಾಗ ಟವರ್ ನಡೆಯೋದು ಬ್ಯಾಟರಿ ಮೇಲೆ, ಆಮೇಲೆ ಡೀಸೆಲ್ ಜನರೇಟರ್ ಮೇಲೆ. ಬ್ಯಾಟರಿ ಹಳೇದಾಗಿದ್ದರೆ, ಡೀಸೆಲ್ ಸಮಯಕ್ಕೆ ಬರದಿದ್ದರೆ ಲೈಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ಮಳೆಗಾಲದಲ್ಲಿ ಗಾಳಿ ಬೀಸಿದ ರಾತ್ರಿ ಎರಡೂ ಒಟ್ಟಿಗೆ ಹೋಗೋದು ಇದಕ್ಕೇ. 4ಜಿ ಯಂತ್ರ ಬಂದರೂ ಬ್ಯಾಟರಿ ಬದಲಾಗದಿದ್ದರೆ ಈ ಸಮಸ್ಯೆ ಹಾಗೇ ಉಳಿಯುತ್ತೆ.

ಮೂರನೇದು ಕೈಗಳು. 2019ರ ಪ್ಯಾಕೇಜ್‌ನಲ್ಲಿ ಸ್ವಯಂ ನಿವೃತ್ತಿ ಯೋಜನೆಯೂ ಇತ್ತು. 2020ರ ಜನವರಿ 31ರಂದು ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಬಿಎಸ್‌ಎನ್‌ಎಲ್ ನೌಕರರು ನಿವೃತ್ತರಾದರು, ಅಂದ್ರೆ ಸುಮಾರು ಅರ್ಧ ಸಿಬ್ಬಂದಿ. ಅಂದಿನಿಂದ ನಿರ್ವಹಣೆಯ ಬಹಳಷ್ಟು ಕೆಲಸ ಗುತ್ತಿಗೆ ಮೇಲೆ ನಡೀತಿದೆ. ಸಂಬಳದ ಹೊರೆ ಇಳಿಯಿತು, ಆದರೆ ಲೈನ್ ಕೆಟ್ಟಾಗ ಬರೋ ಪರಿಚಿತ ಲೈನ್‌ಮನ್ ಕೂಡ ಇಲ್ಲವಾದ.

ಬೆಟ್ಟ, ಕಲ್ಲುಗೋಡೆ ಮತ್ತು ಗಡಿ

ನಮ್ಮ ಭಾಗಕ್ಕೆ ಇನ್ನೂ ಕೆಲವು ಕಾರಣ ಇವೆ. ಯಾದಗಿರಿ ಕೋಟೆ ಬೆಟ್ಟ, ಶಹಾಪುರದ ಬುದ್ಧ ಮಲಗಿದ ಬೆಟ್ಟದಂಥ ಬಂಡೆಗುಡ್ಡಗಳ ಹಿಂದಿನ ಜಾಗಕ್ಕೆ ಸಿಗ್ನಲ್ ನೆರಳು ಬೀಳುತ್ತೆ. ಹಳೆಯ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಗಳಲ್ಲಿ ಅಂಗಳದಲ್ಲಿ ನೆಟ್ ಬರುತ್ತೆ, ಒಳಗೆ ಬರಲ್ಲ.

ಇಲ್ಲಿ 700 ಮೆಗಾಹರ್ಟ್ಸ್ ಕೆಲಸಕ್ಕೆ ಬರುತ್ತೆ. ತರಂಗಾಂತರ ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತೆ, ಗೋಡೆ ದಾಟುತ್ತೆ. 2100 ಅಷ್ಟು ದೂರ ಹೋಗಲ್ಲ. ಹಳ್ಳಿಗೆ, ಹೊಲಕ್ಕೆ 700 ಒಳ್ಳೇದು. ಹಾಗಾಗಿ ನಿಮ್ಮೂರಲ್ಲಿ ಟವರ್ 4ಜಿ ಆಯ್ತು ಅಂದಾಗ "ಯಾವ ಬ್ಯಾಂಡ್ ಹಾಕಿದ್ದೀರಿ?" ಅಂತ ಕೇಳೋದು ತಪ್ಪಲ್ಲ.

ಸೈದಾಪುರಕ್ಕೆ ಮೂಡಣದಲ್ಲಿ ತೆಲಂಗಾಣದ ನಾರಾಯಣಪೇಟ ಜಿಲ್ಲೆ ಹತ್ತಿರ. ಮೊಬೈಲ್ ಲೆಕ್ಕದಲ್ಲಿ ಕರ್ನಾಟಕ ಒಂದು ಸೇವಾ ವಲಯ, ತೆಲಂಗಾಣ ಸೇರಿದ ಆಂಧ್ರಪ್ರದೇಶ ಇನ್ನೊಂದು. ಗಡಿ ಹಳ್ಳಿಗಳಲ್ಲಿ ಫೋನ್ ಕೆಲವೊಮ್ಮೆ ಆಚೆ ಟವರ್ ಹಿಡಿಯುತ್ತೆ. ಆಗ ಫೋನ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ನಿಂತುಬಿಡುತ್ತೆ. ಇವತ್ತಿನ ಬಹುತೇಕ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ಹಣ ಇಲ್ಲ. ಗಡಿಯವರು ರೋಮಿಂಗ್ ಆನ್ ಇಟ್ಟುಕೊಳ್ಳೋದು ಒಳ್ಳೇದು.

ಬರೀ ಯೂಟ್ಯೂಬ್ ವಿಷಯ ಅಲ್ಲ

ನೆಟ್ ಇಲ್ಲದಿದ್ದರೆ ವಿಡಿಯೊ ನೋಡೋಕೆ ಆಗಲ್ಲ ಅಷ್ಟೇ ಅಂದುಕೊಂಡ ಕಾಲ ಹೋಯ್ತು. ನರೇಗಾ ಕೆಲಸದ ಜಾಗದಲ್ಲಿ ಆ್ಯಪ್ ಮೂಲಕ ಫೋಟೊ ಹಾಜರಾತಿ 2023ರ ಜನವರಿ 1ರಿಂದ ಕಡ್ಡಾಯವಾಯಿತು. ಫೋಟೊ ಮೇಲೆ ಹೋಗದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತವರ ಕೂಲಿಗೇ ಕುತ್ತು. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋ ಯಂತ್ರಕ್ಕೂ ನೆಟ್ ಬೇಕು. ಬ್ಯಾಂಕ್, ಆಧಾರ್, ಪಿಂಚಣಿ ಎಲ್ಲದಕ್ಕೂ ಒಟಿಪಿ ಬರೋದು ಅದೇ ನಂಬರ್‌ಗೆ.

ದುಡಿಯೋಕೆ ಬೆಂಗಳೂರು, ಮುಂಬೈ, ಹೈದರಾಬಾದ್‌ಗೆ ಹೋದವರು ಊರಿಗೆ ಹಣ ಕಳಿಸೋದು ಫೋನ್‌ನಲ್ಲೇ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಹೊರಗಿನಿಂದ ಬರುವ ಕೆಲಸಗಾರರೂ ಇದೇ ಟವರ್‌ಗಳ ಮೇಲೆ ಬೀಳ್ತಾರೆ. ಜನ ಹೆಚ್ಚಾದ ಕಡೆ ಟವರ್ ಸಾಮರ್ಥ್ಯ ಹೆಚ್ಚದಿದ್ದರೆ ಸಂಜೆ ಹೊತ್ತು ಎಲ್ಲರ ನೆಟ್ ಕೂಡ ನಿಧಾನ ಆಗುತ್ತೆ.

ಸಿಮ್ ಬದಲಿಸುವ ಮೊದಲು ಇಷ್ಟು ನೋಡಿ

* ಆಧಾರ್ ಜೊತೆ ಬಿಎಸ್‌ಎನ್‌ಎಲ್ ಕೇಂದ್ರಕ್ಕೆ ಅಥವಾ ಅಧಿಕೃತ ಅಂಗಡಿಗೆ ನೀವೇ ಹೋಗಿ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು. ತೀರಿಹೋದ ತಂದೆಯ ಹೆಸರಲ್ಲಿ, ಊರು ಬಿಟ್ಟ ಅಣ್ಣನ ಹೆಸರಲ್ಲಿ ಸಿಮ್ ಇದ್ದರೆ ಮೊದಲು ಹೆಸರು ಬದಲಾವಣೆ ಬಗ್ಗೆ ಕೇಳಿ.

* ಹಳೆಯ ಸಿಮ್‌ನಲ್ಲಿ ನಂಬರ್‌ಗಳು ಸೇವ್ ಆಗಿದ್ದರೆ ಮೊದಲು ಫೋನ್‌ಗೆ ಕಾಪಿ ಮಾಡಿ. ಇಲ್ಲಾಂದ್ರೆ ಹಳೆ ಚಿಪ್ ಜೊತೆ ಅವೂ ಹೋಗ್ತವೆ.

* ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರಲ್ಲ, ಹೋಗಲ್ಲ. ಇದು ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮ. ಅಂದ್ರೆ ಒಂದು ದಿನ ಒಟಿಪಿ ಸಿಗಲ್ಲ. ಬ್ಯಾಂಕ್ ಕೆಲಸ, ಪರೀಕ್ಷೆ ಅರ್ಜಿಯ ಕೊನೇ ದಿನ ಇರುವಾಗ ಸಿಮ್ ಬದಲಿಸಬೇಡಿ.

* ಸಿಮ್ ಬದಲಿಸಿದ 7 ದಿನ ಬೇರೆ ಕಂಪನಿಗೆ ಪೋರ್ಟ್ ಆಗೋಕೆ ಬರಲ್ಲ. ಈ ನಿಯಮ 2024ರ ಜುಲೈ 1ರಿಂದ ಇದೆ.

* "ನಿಮ್ಮ ಸಿಮ್ 24 ಗಂಟೆಯಲ್ಲಿ ಬಂದ್ ಆಗುತ್ತೆ, 4ಜಿ ಮಾಡಿಕೊಡ್ತೀವಿ, ಒಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. 4ಜಿ ಸಿಮ್ ಫೋನ್ ಮೇಲೆ ಆಗೋ ಕೆಲಸ ಅಲ್ಲ. ಲಿಂಕ್ ಒತ್ತಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅನುಮಾನದ ಕರೆಗಳನ್ನ ಸಂಚಾರ್ ಸಾಥಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

ಇನ್ನೊಂದು ಮಾತು ವಲಸೆ ಹೋದವರಿಗೆ. ಎರಡನೇ ಸಿಮ್ ಅಂತ ಪೆಟ್ಟಿಗೆಯಲ್ಲಿ ಇಟ್ಟು ಮರೆತರೆ ನಂಬರ್ ಹೋಗುತ್ತೆ. ಪ್ರಿಪೇಯ್ಡ್ ನಂಬರ್‌ನಲ್ಲಿ 90 ದಿನ ಕರೆ, ಮೆಸೇಜ್, ಡೇಟಾ ಯಾವುದೂ ನಡೆಯದಿದ್ದರೆ ಕಂಪನಿ ಅದನ್ನ ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನ ಕಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಅಂತ ಟ್ರಾಯ್ ನಿಯಮ ಇದೆ. ಆಧಾರ್‌ಗೆ ಜೋಡಿಸಿದ ನಂಬರ್ ಆದರೆ ಅದು ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಿ.

ನೆಟ್ ಹೋದರೆ ಯಾರನ್ನ ಕೇಳೋದು?

ಮೊದಲು ಬಿಎಸ್‌ಎನ್‌ಎಲ್ ಗ್ರಾಹಕ ಸೇವೆ 1800-180-1503ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಈ ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 30 ದಿನದೊಳಗೆ ಮನವಿ ಕೊಡಬೇಕು, ಅವರು 39 ದಿನದಲ್ಲಿ ಇತ್ಯರ್ಥ ಮಾಡಬೇಕು. ಇದಕ್ಕೆ ಶುಲ್ಕ ಇಲ್ಲ. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಿ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸೋದಿಲ್ಲ, ನಿಯಮ ಮಾಡುವುದಷ್ಟೇ ಅದರ ಕೆಲಸ.

ಪರಿಹಾರದ ನಿಯಮವೂ ಇದೆ. 2025ರ ಏಪ್ರಿಲ್ 1ರಿಂದ, ಒಂದು ಜಿಲ್ಲೆಯ ಮಟ್ಟದಲ್ಲಿ ನೆಟ್‌ವರ್ಕ್ 24 ಗಂಟೆಗಿಂತ ಹೆಚ್ಚು ಹೊತ್ತು ಬಿದ್ದಿದ್ದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ಗಮನಿಸಿ, ಜಿಲ್ಲೆಯ ಮಟ್ಟದಲ್ಲಿ. ಒಂದು ಹಳ್ಳಿಯ ಒಂದು ಟವರ್ ವಾರ ಪೂರ್ತಿ ಬಿದ್ದರೂ ಅದು ಈ ಲೆಕ್ಕಕ್ಕೆ ಬರಲ್ಲ. ಒಂದೇ ಟವರ್ ನೆಚ್ಚಿಕೊಂಡ ಊರಿಗೆ ಈ ನಿಯಮದಿಂದ ಸಿಗೋದು ಏನೂ ಇಲ್ಲ. ಸಂಸದರು, ಶಾಸಕರು ದಿಲ್ಲಿಯಲ್ಲಿ ಎತ್ತಬೇಕಾದ ವಿಷಯ ಇದ್ದರೆ ಇದು.

ಅದಕ್ಕೇ ಹಳ್ಳಿಯವರು ಒಬ್ಬೊಬ್ಬರೇ ಬೈದುಕೊಳ್ಳೋ ಬದಲು ಒಟ್ಟಾಗಿ ಬರೆದು ಕೊಡೋದು ಮೇಲು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಟವರ್ ಇರಲಿಲ್ಲ, ಆಗ ಕರೆಂಟ್ ಇತ್ತಾ ಇಲ್ಲವಾ ಅಂತ ಹದಿನೈದು ದಿನ ಬರೆದಿಟ್ಟು, ಗ್ರಾಮ ಪಂಚಾಯಿತಿ ಮೂಲಕ ಬಿಎಸ್‌ಎನ್‌ಎಲ್ ಕಚೇರಿಗೆ ಕೊಡಿ. ಕರೆಂಟ್ ಹೋದಾಗ ಮಾತ್ರ ಟವರ್ ಹೋಗುತ್ತೆ ಅಂದ್ರೆ ಬ್ಯಾಟರಿ ಸಮಸ್ಯೆ. ಕರೆಂಟ್ ಇದ್ದೂ, ಕಡ್ಡಿ ಇದ್ದೂ ನೆಟ್ ಇಲ್ಲ ಅಂದ್ರೆ ಕೇಬಲ್ ಸಮಸ್ಯೆ. ಸಂಜೆ ಮಾತ್ರ ನಿಧಾನ ಅಂದ್ರೆ ಸಾಮರ್ಥ್ಯದ ಸಮಸ್ಯೆ. ಹೀಗೆ ಬಿಡಿಸಿ ಕೇಳಿದರೆ "ನೋಡ್ತೀವಿ" ಅಂತ ಹಾರಿಸೋಕೆ ಬರಲ್ಲ.

ಪೋರ್ಟ್ ಆಗಬೇಕಾ, ಬೇಡವಾ?

2024ರ ಜುಲೈ ಮೊದಲ ವಾರ ಜಿಯೊ, ಏರ್‌ಟೆಲ್, ವಿಐ ಮೂರೂ ದರ ಏರಿಸಿದಾಗ ಬಹಳ ಜನ ಅಗ್ಗ ಅಂತ ಬಿಎಸ್‌ಎನ್‌ಎಲ್‌ಗೆ ಬಂದರು. ನೆಟ್ ಸಿಗದೆ ಕೆಲವರು ವಾಪಸ್ ಹೋದರು. ನೀವು ಯಾವ ಕಡೆ ಹೋಗುವುದಿದ್ದರೂ ಮೊದಲು ನಿಮ್ಮ ಮನೆಯೊಳಗೆ, ನಿಮ್ಮ ಹೊಲದಲ್ಲಿ ಆ ಕಂಪನಿಯ ಸಿಮ್ ಇರುವ ನೆರೆಯವರ ಫೋನ್ ಹಿಡಿದು ನೋಡಿ. ಪೋರ್ಟ್ ಮಾಡಲು PORT ಪದ ಕಳಿಸುವುದು 1900ಕ್ಕೆ. ಆ ಇಂಗ್ಲಿಷ್ ಪದ, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಬೇಕು. ಒಂದೇ ವಲಯದೊಳಗೆ 3 ಕೆಲಸದ ದಿನ ಹಿಡಿಯುತ್ತೆ. ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಬದಲಿಸೋಕೆ ಬರಲ್ಲ.

ಟವರ್‌ಗೆ 4ಜಿ ಬಂದದ್ದು ನಿಜ ಆದರೂ ಬ್ಯಾಟರಿ, ಕೇಬಲ್, ಸಿಬ್ಬಂದಿ ಸರಿಯಾಗದೆ ಅದು ಹಳ್ಳಿಗೆ ಪೂರ್ತಿ ತಲುಪಲ್ಲ. ಆ ಕೆಲಸ ಕಂಪನಿಯದ್ದು. ಸಿಮ್ ಮತ್ತು ಫೋನ್ ಸರಿ ಇಟ್ಟುಕೊಳ್ಳೋದು ನಮ್ಮ ಕೈಯಲ್ಲಿದೆ. ಮನೆಯಲ್ಲಿ ಹಿರಿಯರ ಬಳಿ ಹಳೆ ಸ್ಮಾರ್ಟ್‌ಫೋನ್ ಇದ್ದರೆ ಇವತ್ತೇ ಒಮ್ಮೆ ತೆಗೆದು ನೋಡಿ. ಮೇಲಿನ ಮೂಲೆಯಲ್ಲಿ 3ಜಿ ಅಥವಾ ಎಚ್ ಅಂತ ತೋರಿಸಿದರೆ ಸಿಮ್ ಬದಲಿಸುವ ಸಮಯ ಬಂದಿದೆ ಅಂತ ತಿಳಿಯಿರಿ.